ಮೇಸ್ತ್ರಿಯ ಸುತ್ತಿಗೆ

ಮೇಸ್ತ್ರಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಬೆಸುಗೆ ನೋಡಬೇಕಾದದ್ದು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ಎಂದು ನಂಬಿದವರು ಅವರು. ಗಾಡಿಯ ಹಿಂಬದಿಗೆ ಹತ್ತಿ, ಗ್ಯಾಸ್ ಸಿಲಿಂಡರುಗಳನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಮೂಲೆಯನ್ನು ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ಸವರಿದರು.

"ಯಾರ ಕೈ ಇದು?"

"ನಂದೇ, ಮೇಸ್ತ್ರೀ."

ಮಾತು ಹೊರಬಿದ್ದ ಮೇಲೆಯೇ ತಾನೇನು ಹೇಳಿದೆ ಎಂದು ಅವರ ಹಳೆಯ ಶಿಷ್ಯನಾದ ವೆಲ್ಡರನಿಗೆ ಗೊತ್ತಾದದ್ದು. ಬೆನ್ನ ಹಿಂದೆ ಹೆಂಡತಿ ತಟ್ಟೆಯಲ್ಲಿ ಮೂರು ಲೋಟ ಟೀ ಹಿಡಿದು ನಿಂತಿದ್ದಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಲೋಟಗಳು ಒಂದಕ್ಕೊಂದು ತಾಗಿದ ಸದ್ದು ಕೂಡ ಕೇಳಲಿಲ್ಲ. ಅವಳ ಕೈ ನಡುಗುವ ಕೈಯಲ್ಲ.

ನಡುಗುವುದು ಅವನದು. ನಾಲ್ಕು ವರ್ಷದ ಹಿಂದೆ ಬಲಗೈಯಲ್ಲಿ ಶುರುವಾಗಿತ್ತು. ಮೊದಲು ಅಂಗಿಯ ಗುಂಡಿ ಹಾಕುವಾಗ, ಆಮೇಲೆ ವೆಲ್ಡಿಂಗ್ ರಾಡು ಹಿಡಿದಾಗ. ಡಾಕ್ಟರು ಮಾತ್ರೆ ಕೊಟ್ಟು, ಇದು ಹೋಗುವುದಲ್ಲ, ಹೊಂದಿಕೊಂಡು ಹೋಗಬೇಕು ಎಂದಿದ್ದರು. ಅಲ್ಲಿಯವರೆಗೆ ಅವನ ಬಾಡಿಗೆ ಶೆಡ್ಡಿನಲ್ಲಿ ಕಬ್ಬಿಣದ ಆಂಗಲ್ ಹಿಡಿದುಕೊಳ್ಳಲು, ಅವನು ಹಿಂದಕ್ಕೆ ಕೈ ಚಾಚಿದಾಗ ಸುತ್ತಿಗೆ ಕೊಡಲು ಬರುತ್ತಿದ್ದ ಹೆಂಡತಿ, ಒಂದು ದಿನ ಏನೂ ಹೇಳದೆ ಅವನ ಕೈಯಿಂದ ರಾಡಿನ ಹೋಲ್ಡರ್ ತೆಗೆದುಕೊಂಡಳು. ಅಂದಿನಿಂದ ಅವಳು ಕೆಲಸಕ್ಕೆ ಕೂತಾಗಲೆಲ್ಲ ಶೆಡ್ಡಿನ ಶಟರ್ ಅರ್ಧ ಕೆಳಗಿಳಿಯುತ್ತಿತ್ತು. ಗಿರಾಕಿ ಬಂದರೆ ಮಾಸ್ಕ್ ಅವನ ಕೈಗೆ, ಪೊರಕೆ ಅವಳ ಕೈಗೆ. ಬಿಡಿಸಿ ಹೇಳಿದವರು ಯಾರೂ ಇಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

ಈಗ ಶೆಡ್ಡಿನ ಮಾಲೀಕ ಜಾಗ ಬಿಡಿಸಿದ್ದ. ಹಳೆಯ ಟ್ರಕ್ಕೊಂದನ್ನು ಕೊಂಡು, ಕರೆದವರ ಮನೆ ಬಾಗಿಲಿಗೇ ಹೋಗಿ ವೆಲ್ಡಿಂಗ್ ಮಾಡಿಕೊಡುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಆರು ವಾರ ಹಿಡಿಯಿತು ಅದನ್ನು ಸಜ್ಜು ಮಾಡಲು. ಜನರೇಟರ್ ಮುಂದುಗಡೆ, ಹೊಗೆ ಕೊಳವೆ ಹೊರಮುಖವಾಗಿ. ಕೇಬಲ್ ಸುತ್ತಿಡಲು ಹಳೆ ಚಕ್ರದ ರಿಮ್ಮು. ಹಿಂಬಾಗಿಲ ಮೇಲೆ ಕಬ್ಬಿಣ ಕಚ್ಚಿ ಹಿಡಿಯುವ ವೈಸು. ರಾಡುಗಳಿಗೆ ಅಡುಗೆ ಮನೆಯ ದೊಡ್ಡ ಡಬ್ಬ, ತೇವ ಹಿಡಿಯಬಾರದೆಂದು ಒಳಗೊಂದು ಸಣ್ಣ ಬಲ್ಬು. ಪದೇ ಪದೇ ಬೇಕಾಗುವುದು ಕೈಗೆ ಹತ್ತಿರ, ಅಪರೂಪಕ್ಕೆ ಬೇಕಾಗುವುದು ದೂರ. ಒಲೆಯ ಪಕ್ಕ ಉಪ್ಪು ಇಟ್ಟುಕೊಂಡ ಹಾಗೆ ಅವಳು ಎಲ್ಲವನ್ನೂ ಜೋಡಿಸಿದ್ದಳು. ಒಂದೊಂದು ಮೂಲೆಯ ಬೆಸುಗೆಯೂ ಅವಳದೇ. ಆದರೆ ಟ್ರಕ್ಕಿಗೆ ಶಟರ್ ಇರುವುದಿಲ್ಲ ಎಂಬ ಮಾತನ್ನು ಮಾತ್ರ ಈ ಆರು ವಾರದಲ್ಲಿ ಇಬ್ಬರೂ ಎತ್ತಿರಲಿಲ್ಲ.

"ನಿನ್ನ ಕೈ ಮೊದಲಿಂದ ಅವಸರದ್ದು ಕಣೋ," ಎಂದರು ಮೇಸ್ತ್ರಿ. "ಎಷ್ಟು ಬೈದಿದ್ದೀನಿ ನಿಂಗೆ! ಇದು ನೋಡು, ಎಷ್ಟು ಸಮಾಧಾನವಾಗಿದೆ. ಈ ವಯಸ್ಸಲ್ಲಿ ಕೈ ಸುಧಾರಿಸೋದು ನಾನು ಕಂಡಿಲ್ಲ."

ವೆಲ್ಡರ್ ತನಗರಿವಿಲ್ಲದೆ ಬಲಗೈಯನ್ನು ಜೇಬಿಗಿಳಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪುಣ್ಯಕ್ಕೆ ಮೇಸ್ತ್ರಿ ಅದನ್ನು ಗಮನಿಸದೆ ತಮ್ಮ ಚೀಲದೊಳಗೆ ಕೈ ಹಾಕಿದ್ದರು. ಹೊರಬಂದದ್ದು ಬೆಸುಗೆಯ ಮೇಲಿನ ಕಿಟ್ಟ ಕುಟ್ಟಿ ತೆಗೆಯುವ ಸುತ್ತಿಗೆ. ಅವರ ಕೆಳಗೆ ಕೆಲಸ ಕಲಿತವರೆಲ್ಲ ಅದನ್ನು ದೂರದಿಂದ ಬಲ್ಲರು, ಮುಟ್ಟಿದವರಿಲ್ಲ.

"ನನ್ನ ಗುರುಗಳು ಕೊಟ್ಟಿದ್ದು. ಹದಿನಾಲ್ಕು ಜನಕ್ಕೆ ಕೆಲಸ ಕಲಿಸಿದೆ, ಕೊಡೋಣ ಅಂತ ಒಬ್ಬನ್ನ ಕಂಡೂ ಅನ್ನಿಸಿರಲಿಲ್ಲ. ತಗೋ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದ. ಭಕ್ತಿ ಎಂದುಕೊಂಡರು ಮೇಸ್ತ್ರಿ. ಅದು ಅಲುಗಾಡದಿರಲಿ ಎಂದಷ್ಟೇ ಅವನ ಉಪಾಯ.

"ನಾಳೆ ಬೆಳಿಗ್ಗೆ ಮಗಳ ಮನೆಗೆ ಬಾ. ನೀರಿನ ಟ್ಯಾಂಕಿನ ಸ್ಟ್ಯಾಂಡು, ಒಂದು ಕಾಲು ತುಕ್ಕು ತಿಂದಿದೆ. ಗಾಡಿಯ ಮೊದಲ ಕೆಲಸ ನಮ್ಮನೇದೇ ಆಗ್ಲಿ. ನಾನು ಕುರ್ಚಿ ಹಾಕ್ಕೊಂಡು ಕೂತು ನೋಡ್ತೀನಿ." ಟೀ ಕುಡಿದು ಲೋಟ ತಟ್ಟೆಗಿಡುತ್ತಾ ಅವಳ ಕಡೆ ತಿರುಗಿದರು. "ಏನಮ್ಮಾ, ಟೀ ಚೆನ್ನಾಗಿ ಮಾಡ್ತೀಯ."

"ಅಷ್ಟಾದ್ರೂ ಬರುತ್ತಲ್ಲ, ಮೇಸ್ತ್ರಿಗಳೇ," ಎಂದಳು ಅವಳು.

ಅವರು ಬೀದಿಯ ತಿರುವು ದಾಟಿದರು. ಅವಳು ಲೋಟ ತೊಳೆದಿಟ್ಟು ಬಂದು, ಬಿಟ್ಟ ಕೆಲಸಕ್ಕೆ ಕೂತಳು. ವೆಲ್ಡಿಂಗ್ ಮಿಷನ್ನಿನ ಅರ್ತ್ ಕ್ಲಾಂಪಿಗೆ ಹೊಸ ಕೇಬಲ್ ಬಿಗಿಯುವುದಿತ್ತು.

"ಬಾಯಿ ತಪ್ಪಿ ಬಂತು ಕಣೇ."

"ಇರ್ಲಿ ಬಿಡಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ. ಕೆಸರು ನಂದು, ಮೊಸರು ನಿಮ್ದು." ನಕ್ಕಳು. ಎಂದಿನ ನಗುವೇ. ಅದರಿಂದ ಅವನಿಗೆ ಇನ್ನಷ್ಟು ಕಷ್ಟವಾಯಿತು.

ಹೊತ್ತು ಮುಳುಗುವ ಮುಂಚೆ ಅವನಿಗೆ ಉಪಾಯವೊಂದು ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು. "ಟಾರ್ಪಾಲು ಕಟ್ಟೋಣ. ಕಿಡಿ ಹಾರಬಾರ್ದು ಅಂತ ಎಲ್ಲರೂ ಕಟ್ತಾರೆ. ಒಳಗೆ ನೀನು ಬೆಸುಗೆ ಹಾಕು, ನಾನು..."

"ನೀವು ಹೊರಗೆ ನಿಂತು ನಂದೇ ನಂದೇ ಅನ್ನೋಕಾ?"

ಈ ಸಲ ಅವಳು ನಗಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ಕೈ ಒರೆಸಿಕೊಂಡಳು. "ಶೆಡ್ಡಲ್ಲಿ ಶಟರ್ ಎಳೆದಾಗ ನಾನೊಂದು ಮಾತು ಆಡ್ಲಿಲ್ಲ ರೀ. ನಿಮಗೆ ಕಾಯಿಲೆ, ಮರ್ಯಾದೆ ಹೋಗೋದು ಬೇಡ ಅಂತ. ಈ ಗಾಡಿ ಮಾಡುವಾಗ ಮಾತ್ರ ಅಂದ್ಕೊಂಡೆ, ಇನ್ಮೇಲೆ ಬಯಲಲ್ಲಿ ಕೂತು ಕೆಲ್ಸ ಮಾಡ್ತೀನಿ ಅಂತ. ದಡ್ಡಿ ನಾನು." ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಡಿಸಿದ ಟಾರ್ಪಾಲನ್ನು ತಂದು ಗಾಡಿಯೊಳಗೆ, ಕೈಗೆ ಹತ್ತಿರದ ಜಾಗದಲ್ಲೇ ಇಟ್ಟಳು. ಅವನು ತಲೆ ತಗ್ಗಿಸಿ ನಿಂತ. ತನ್ನ ಕೈ ನಡುಗಿದ ಮೊದಲ ದಿನವೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಬೆಳಿಗ್ಗೆ ಮೇಸ್ತ್ರಿಯ ಮಗಳ ಹಿತ್ತಲಲ್ಲಿ ಕುರ್ಚಿ ಆಗಲೇ ಬಿದ್ದಿತ್ತು. ಮೇಸ್ತ್ರಿ ಮಡಿಲಲ್ಲಿ ಬೆಸುಗೆಯ ಬೆಳಕು ನೋಡುವ ಕಪ್ಪು ಗಾಜು ಇಟ್ಟುಕೊಂಡು ಕೂತಿದ್ದರು. ಮಗಳು, ಅಳಿಯ, ಕಾಂಪೌಂಡಿನಾಚೆಯ ನೆರೆಮನೆಯವರು ಇಬ್ಬರು. ಟ್ಯಾಂಕು ಖಾಲಿ ಮಾಡಿ, ಸ್ಟ್ಯಾಂಡಿಗೆ ಆಸರೆ ಕೊಟ್ಟಾಗಿತ್ತು. ಅವಳು ತುಕ್ಕು ತಿಂದ ಕಾಲನ್ನು ಉಜ್ಜಿ ಹೊಸ ಆಂಗಲ್ ಅಳತೆಗೆ ಕತ್ತರಿಸಿದಳು. ಅಷ್ಟು ಮಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆಮೇಲೆ ಗಾಡಿಯಿಂದ ಟಾರ್ಪಾಲನ್ನು ಎತ್ತಿಕೊಂಡು, ಎಲ್ಲಿಗೆ ಕಟ್ಟಲಿ ಎಂಬಂತೆ ಅವನನ್ನು ನೋಡಿದಳು.

ಮಾಸ್ಕ್ ಅವನ ಎಡಗೈಯಲ್ಲಿತ್ತು.

"ಅದು ಬೇಡ, ಒಳಗಿಡು," ಎಂದ. "ಮೇಸ್ತ್ರೀ, ನೀವು ನಿನ್ನೆ ನೋಡಿದ್ದು ನನ್ನ ಕೈ ಅಲ್ಲ. ಇವಳದ್ದು. ನಾಲ್ಕು ವರ್ಷದಿಂದ ಎಲ್ಲಾ ಇವಳದ್ದೇ." ಬಲಗೈಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದ. ಅದು ತನ್ನ ಪಾಡಿಗೆ ನಡುಗಿತು.

ಅಳಿಯ ಬೇರೆ ಕಡೆ ನೋಡಿದ.

"ಹಾಗಾದ್ರೆ ನಿನ್ನೆ ಯಾಕೋ ನಂದೇ ಅಂದೆ?"

"ನಾಚಿಕೆ ಆಯ್ತು, ಮೇಸ್ತ್ರೀ."

"ಯಾತಕ್ಕೆ? ಕೈ ನಡುಗುತ್ತೆ ಅಂತಲಾ, ಹೆಂಡ್ತಿ ಕಲಿತ್ಲು ಅಂತಲಾ?"

"ನಿನ್ನೆ ಎರಡಕ್ಕೂ. ಇವತ್ತು, ಹಾಗಂದೆನಲ್ಲಾ ಅಂತ."

ಮೇಸ್ತ್ರಿ ಮನ್ನಿಸಿದೆ ಎಂದೇನೂ ಹೇಳಲಿಲ್ಲ. ಕುರ್ಚಿಯನ್ನು ತುಸು ಮುಂದಕ್ಕೆ ಎಳೆದುಕೊಂಡು, ಕಪ್ಪು ಗಾಜನ್ನು ಕಣ್ಣಿಗೆ ಹಿಡಿದು, "ಶುರು ಮಾಡಮ್ಮಾ," ಎಂದರು.

ಅವಳು ಮಾಸ್ಕ್ ತೆಗೆದುಕೊಂಡಳು. ಅವನ ಮುಖವನ್ನು ನೋಡಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ರಾಡು ತಾಗಿಸಿದಳು. ನೀಲಿ ಬೆಳಕು ಹಿತ್ತಲ ಗೋಡೆಯ ಮೇಲೆಲ್ಲ ಕುಣಿಯಿತು, ನೆರೆಮನೆಯವರು ಕಣ್ಣು ಮುಚ್ಚಿಕೊಂಡು ಹಿಂದೆ ಸರಿದರು. ಒಂದು ರಾಡು ಮುಗಿದು ಬೆಳಕು ನಿಂತಾಗ ಬೆಸುಗೆ ಇನ್ನೂ ಕೆಂಪಗಿತ್ತು, ಆಮೇಲೆ ಕಪ್ಪಾಗಿ ಕಿಟ್ಟ ಕಟ್ಟಿತು.

ಶೆಡ್ಡಿನಲ್ಲಾದರೆ ಇಲ್ಲಿಗೆ ಅವಳು ತಾನೇ ಬಗ್ಗಿ ಸುತ್ತಿಗೆ ಹುಡುಕಿಕೊಳ್ಳುತ್ತಿದ್ದಳು. ಇವತ್ತು ತಿರುಗಿ ನೋಡಲೂ ಇಲ್ಲ, ಮಾಸ್ಕ್ ಎತ್ತಲೂ ಇಲ್ಲ. ಎಡಗೈಯನ್ನು ಹಿಂದಕ್ಕೆ ಚಾಚಿ, ಅಂಗೈ ಬಿಚ್ಚಿ ಹಿಡಿದಳು.

ಮೇಸ್ತ್ರಿ ಕೊಟ್ಟ ಸುತ್ತಿಗೆ ವೆಲ್ಡರನ ಸೊಂಟದಲ್ಲಿತ್ತು. ಅವನು ಅದನ್ನು ಎಳೆದು, ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಕೈ ನೀಡಿದ. ಸುತ್ತಿಗೆ ಅವಳ ಬೆರಳಿಗೆ ಬಡಿಯಿತು, ಜಾರಿತು, ಮತ್ತೆ ಬಡಿಯಿತು. ಚರ್ಮದ ಗ್ಲೌಸಿನ ಆ ಕೈ ಒಂದಿಷ್ಟೂ ಕದಲದೆ, ಅವನ ಕೈ ಬಂದು ಸೇರುವವರೆಗೆ ಅಲ್ಲೇ ಇತ್ತು.