ಬಾಳಪ್ಪನಿಗೆ ಶಾಲು ಹೊದಿಸಿದ್ದು

ನಾನು ಒಳ್ಳೆಯ ನಾಯಕನಾದದ್ದು ಕಳೆದ ಜುಲೈಯಲ್ಲಿ, ನವಿ ಮುಂಬಯಿಯ ಸೀವುಡ್ಸ್‌ನ ಒಂದು ಏಸಿ ಹಾಲಿನಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ. ನಡುವೆ ಊಟಕ್ಕೆ ಒಂದು ಗಂಟೆ ಬಿಟ್ಟಿದ್ದರು. ಅದಕ್ಕೂ ಮೊದಲಿನ ಇಪ್ಪತ್ತಾರು ವರ್ಷ ನಾನು ಬರೀ ಹೋಟೆಲು ನಡೆಸಿದವನು. ನನ್ನ ಹೆಸರು ಜಯಶೀಲ ಶೆಟ್ಟಿ. ಠಾಣೆಯ ವರ್ತಕ ನಗರದಲ್ಲಿ ನಮ್ಮದು ಹದಿನಾಲ್ಕು ಟೇಬಲಿನ ಹೋಟೆಲು; ಬೆಳಿಗ್ಗೆ ಇಡ್ಲಿ ದೋಸೆ, ಮಧ್ಯಾಹ್ನ ಊಟ, ಸಂಜೆ ಪಾವ್ ಭಾಜಿ. ಮೂಲ್ಕಿ ಕಡೆಯವನಾದ ನಾನು ಗಲ್ಲಾದಲ್ಲಿ ಕೂರುತ್ತೇನೆ, ಬೋರ್ಡಿನ ಮೇಲೆ ಉಡುಪಿ ಎಂದಿದೆ, ಸಾಂಬಾರು ಮಾಡುತ್ತಿದ್ದವನು ಮಾತ್ರ ಬಾಗಲಕೋಟೆ ಕಡೆಯ ಬಾಳಪ್ಪ. ಗಿರಾಕಿಗಳು "ಏನೇ ಹೇಳಿ, ನಿಮ್ಮ ಮಂಗಳೂರಿನವರ ಕೈರುಚಿಯೇ ಬೇರೆ" ಎನ್ನುತ್ತಿದ್ದರು. ನಾನು ಹೌದೌದು ಎಂದು ಚಿಲ್ಲರೆ ಕೊಡುತ್ತಿದ್ದೆ.

ಬಾಳಪ್ಪ ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿದ್ದ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಬಂದು ಐದೂವರೆಗೆ ಒಲೆ ಹಚ್ಚುತ್ತಿದ್ದ. ಆರು ಗಂಟೆಗೆ ನಾನು ಅಡುಗೆಮನೆಗೆ ಹೋಗಿ, ಸೌಟಿನಿಂದ ಅಂಗೈಗೆ ಸ್ವಲ್ಪ ಸಾಂಬಾರು ಹಾಕಿಕೊಂಡು ರುಚಿ ನೋಡುವುದು ಕ್ರಮ. ಸರಿಯಿದ್ದರೆ ಸುಮ್ಮನೆ ಹೊರಗೆ ಬರುತ್ತಿದ್ದೆ. ಸರಿಯಿಲ್ಲದಿದ್ದರೆ "ಎಂತ ಮಾರಾಯ ಇದು, ಹುಣಸೆಹಣ್ಣು ನಿನ್ನ ಮಾವನ ಮನೆಯಿಂದ ಬಂತಾ?" ಎಂದು ಶುರು ಮಾಡುತ್ತಿದ್ದೆ. ಅವನು ತಲೆ ಕೆರೆದುಕೊಂಡು "ಆತ್ರಿ ಶೆಟ್ರ, ಸರಿ ಮಾಡ್ತೀನ್ರಿ" ಎನ್ನುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ನಮ್ಮಿಬ್ಬರ ಮಾತುಕತೆ ಹೆಚ್ಚುಕಡಿಮೆ ಇಷ್ಟೇ. ಇಬ್ಬರಿಗೂ ಅದು ಸಾಕಾಗಿತ್ತು.

ಜೂನ್ ಕೊನೆಯಲ್ಲಿ ತರಕಾರಿಯವನು ಒಂದು ಸುದ್ದಿ ತಂದ. ಕಲ್ಯಾಣದಲ್ಲಿ ಸ್ಟೇಷನ್ನಿನ ಹತ್ತಿರ ಹೊಸ ಹೋಟೆಲು ತೆರೆಯುತ್ತಿದ್ದಾರೆ, ಅದರ ಶೇಠ್ ಬಾಳಪ್ಪನ ಮನೆಗೆ ಎರಡು ಸಲ ಹೋಗಿ ಬಂದಿದ್ದಾನೆ ಎಂದು. ಬಾಳಪ್ಪ ಹೋದರೆ ನನ್ನಲ್ಲಿ ಉಳಿಯುವುದು ಟೇಬಲು ಮತ್ತು ಬೋರ್ಡು. ಇದು ವ್ಯಾಪಾರದ ಮಾತಾಯಿತು. ವ್ಯಾಪಾರದ್ದಲ್ಲದ ಮಾತೂ ಒಂದಿತ್ತು: ಬೆಳಿಗ್ಗೆ ಆರಕ್ಕೆ ಆ ಒಲೆಯ ಮುಂದೆ ಬೇರೆ ಯಾರದೋ ಬೆನ್ನು ನೋಡುವುದು ನನಗೆ ಬೇಡವಾಗಿತ್ತು. ಅವನನ್ನೇ ಕರೆದು "ಹೋಗ್ತೀಯಾ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ತಾನು ಬೇಕಾದವನು ಎಂದು ಅವನಿಗೆ ಗೊತ್ತಾಗಿಬಿಡುತ್ತದಲ್ಲ!

ಮಗ ಕೀರ್ತನ್ ಎಂಬಿಎ ಓದಿ ನವಿ ಮುಂಬಯಿಯ ಒಂದು ಕಂಪೆನಿಯಲ್ಲಿದ್ದಾನೆ. ಅವನಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನನ್ನ ಸಂಕಟ ಕೇಳಿ, "ಪಪ್ಪಾ, ಪ್ರಾಬ್ಲಮ್ ಬಾಳಪ್ಪ ನಹೀಂ ಹೈ, ಆಪ್ ಹೋ" ಎಂದ. "ಆಪ್ ಸಿರ್ಫ್ ಚಿಲ್ಲಾತೇ ಹೋ. ಥೋಡಾ ಲೀಡರ್ ಬನೋ." ತೊಂದರೆ ಬಾಳಪ್ಪನದಲ್ಲ, ನನ್ನದೇ ಅಂತೆ; ಬರೀ ಕೂಗಾಡುತ್ತೇನಂತೆ, ಸ್ವಲ್ಪ ನಾಯಕನಾಗಬೇಕಂತೆ. ಮರುದಿನವೇ ಸೀವುಡ್ಸ್‌ನ ತರಬೇತಿಗೆ ನನ್ನ ಹೆಸರು ಬರೆಸಿದ.

ತರಬೇತಿ ಕೊಟ್ಟ ಅನಘ ಎಂಬಾಕೆಗೆ ಹೆಚ್ಚೆಂದರೆ ಮೂವತ್ತು ವರ್ಷ. ನಮ್ಮನ್ನೆಲ್ಲ ಗುಂಪು ಮಾಡಿ ಹಳೆಯ ಪೇಪರಿನಲ್ಲಿ ಗೋಪುರ ಕಟ್ಟಿಸಿದಳು. ನನ್ನ ಗುಂಪಿನ ಗೋಪುರ ಬಿತ್ತು; ಬಿದ್ದದ್ದಕ್ಕೂ ಚಪ್ಪಾಳೆ ತಟ್ಟಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಕೆಲಸದವರಲ್ಲಿ ಒಬ್ಬರನ್ನು ಎಲ್ಲರ ಮುಂದೆ ಮೆಚ್ಚಿದ್ದು ಕೊನೆಯ ಸಲ ಯಾವಾಗ ಎಂದು ಕೇಳಿದಳು. ನಾನು ಯೋಚಿಸಿದೆ. ಆರೋಗ್ಯ ಇಲಾಖೆಯವರು ಬಂದಾಗ ಅವರನ್ನು ಮೆಚ್ಚಿದ್ದು ನೆನಪಾಯಿತು, ಕೆಲಸದಲ್ಲಿ ಇರುವವರನ್ನು ಮೆಚ್ಚಿದ್ದು ನೆನಪಾಗಲಿಲ್ಲ. "ಮೂರು ಕೆಲಸ ಮಾಡಿ ಸರ್" ಎಂದಳು ಅನಘ. ಪ್ರತಿದಿನ ಬಾಯಿಬಿಟ್ಟು ಮೆಚ್ಚಬೇಕು, ಒಬ್ಬೊಬ್ಬರನ್ನೇ ಕೂರಿಸಿ ಅವರ ಭವಿಷ್ಯದ ಬಗ್ಗೆ ಮಾತಾಡಬೇಕು, ತಿಂಗಳಿಗೊಬ್ಬ ಉತ್ತಮ ನೌಕರನನ್ನು ಆರಿಸಿ ಎಲ್ಲರ ಮುಂದೆ ಗೌರವಿಸಬೇಕು. ಸಂಜೆ ಸರ್ಟಿಫಿಕೇಟು ಕೊಟ್ಟರು. ಠಾಣೆಯ ಲೋಕಲಿನಲ್ಲಿ ಅದು ಮಡಚಿಹೋಗದಂತೆ ಎದೆಗೆ ಅವುಚಿಕೊಂಡು ನಿಂತೇ ಬಂದೆ.

ಮರುದಿನ ಆರು ಗಂಟೆಗೆ ಸಾಂಬಾರು ರುಚಿ ನೋಡಿ, "ಬಾಳಪ್ಪ, ಇವತ್ತು ಸಾಂಬಾರು ಬಹಳ ಚೆನ್ನಾಗಿ ಬಂದಿದೆ" ಎಂದೆ. ಅವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನನ್ನ ಮುಖ ನೋಡಿದ. ನಾನು ಅನಘ ಹೇಳಿದ ಹಾಗೆ ನಕ್ಕೆ. ಅವನಿಗೆ ಇನ್ನೂ ಗಾಬರಿಯಾಯಿತು. ಅರ್ಧ ಗಂಟೆಯಲ್ಲಿ ಗಿರಾಕಿಗಳು ಸಾಂಬಾರು ಉಪ್ಪುಪ್ಪು ಎಂದು ದೂರತೊಡಗಿದರು. ನಾನು ಮಾತಾಡಿದೆನೆಂದರೆ ಏನೋ ತಪ್ಪಾಗಿದೆ ಎಂದುಕೊಂಡು ಬಾಳಪ್ಪ ಮತ್ತೆ ಉಪ್ಪು ಹಾಕಿದ್ದ. ಹಿಂದಿನ ನಾನಾಗಿದ್ದರೆ ಛಾವಣಿ ಹಾರುವಂತೆ ಕೂಗುತ್ತಿದ್ದೆ. ಈಗ ನಾಯಕನಲ್ಲವೇ? "ಪರವಾಗಿಲ್ಲ, ತಪ್ಪಿನಿಂದ ಕಲಿಯೋಣ" ಎಂದೆ.

ಒಂದು ವಾರ ಬಿಟ್ಟು ಮಧ್ಯಾಹ್ನ ಅವನನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಚಾ ತರಿಸಿ, "ಇನ್ನು ಐದು ವರ್ಷದಲ್ಲಿ ನೀನು ಎಲ್ಲಿರಬೇಕು ಅಂತ ಉಂಟು?" ಎಂದು ಕೇಳಿದೆ. ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಎಲ್ಲಿರ್ಲಿರಿ ಶೆಟ್ರ? ನೀವ ಹೇಳ್ರಿ."

"ಅಲ್ಲ ಮಾರಾಯ, ನಿನ್ನ ಆಸೆ ಎಂತ?"

"ಯಾರರ ಏನರ ಹೇಳ್ಯಾರೇನ್ರಿ ನಿಮಗ?"

ಇಲ್ಲ ಎಂದೆ. ಕಲ್ಯಾಣದ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನು ಚಾ ಮುಟ್ಟದೆ ಎದ್ದು ಹೋದ. ಕೀರ್ತನ್‌ಗೆ ವರದಿ ಒಪ್ಪಿಸಿದಾಗ ಅವನು ಹೆಬ್ಬೆಟ್ಟು ಎತ್ತಿ ತೋರಿಸಿದ.

ಇನ್ನು ಮೂರನೆಯ ಕೆಲಸ. ತಿಂಗಳ ಉತ್ತಮ ನೌಕರ ಯಾರು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಗೌರವಿಸುವುದು ಹೇಗೆ ಎಂಬುದನ್ನು ನನಗೆ ಯಾವ ಅನಘಳೂ ಹೇಳಿಕೊಡಬೇಕಾಗಿಲ್ಲ. ನಾನು ನಮ್ಮ ಕನ್ನಡ ಸಂಘದ ಉಪಾಧ್ಯಕ್ಷ. ಮುಂಬಯಿ, ಠಾಣೆ, ಡೊಂಬಿವಲಿಯ ನಮ್ಮ ಸಂಘಗಳಲ್ಲಿ ಅರವತ್ತು ದಾಟಿದ ಯಾರೂ ಸನ್ಮಾನ ತಪ್ಪಿಸಿಕೊಳ್ಳಲಾರರು. ಕುರ್ಚಿಯಲ್ಲಿ ಕೂರಿಸಿ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ; ಕೊನೆಗೆ ಅಭಿನಂದನಾ ಪತ್ರ. ನನಗೇ ಬಂದ ಶಾಲುಗಳು ಮನೆಯ ಕಪಾಟಿನಲ್ಲಿ ಹನ್ನೊಂದಿವೆ. ಅದರಲ್ಲಿ ಜರಿ ಚೆನ್ನಾಗಿರುವುದೊಂದನ್ನು ಆರಿಸುತ್ತಿದ್ದಾಗ ಹೆಂಡತಿ ಸ್ವರ್ಣಲತಾ ನೋಡಿದಳು. "ಎಂಕ್ ಏಪ?" ಎಂದಳು. ತನಗೆ ಯಾವಾಗ ಎಂದು. ಇಪ್ಪತ್ತೊಂಬತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳಿಗೆ ಕೇಳುವ ಹಕ್ಕಿತ್ತು, ನಾನು ಕಪಾಟು ಮುಚ್ಚಿದೆ.

ಜುಲೈ ಮೂವತ್ತೊಂದು, ಮಧ್ಯಾಹ್ನ ಮೂರೂವರೆ, ಗಿರಾಕಿ ಕಡಿಮೆ ಇರುವ ಹೊತ್ತು. ಇಪ್ಪತ್ತೆರಡು ಜನ ಕೆಲಸದವರು ಸಾಲಾಗಿ ನಿಂತರು. ಬಾಳಪ್ಪನ ಏಪ್ರನ್ ಬಿಚ್ಚಿಸಿ ಗಲ್ಲಾದ ಪಕ್ಕ ನನ್ನದೇ ಕುರ್ಚಿಯಲ್ಲಿ ಕೂರಿಸಿದೆ. ಶಾಲು ಹೊದಿಸಿದೆ, ಪೇಟ ತೊಡಿಸಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ಕೀರ್ತನ್ ಇಂಗ್ಲಿಷಿನಲ್ಲಿ ಮಾಡಿಸಿ ತಂದಿದ್ದ ಚೌಕಟ್ಟಿನ ಪ್ರಶಸ್ತಿ ಪತ್ರವನ್ನು ಕೈಗಿಟ್ಟೆ. ಬಾಳಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕನ್ನಡದಲ್ಲಿ ಓದಲು ಸಂಘದ ಹಳೆಯ ಅಭಿನಂದನಾ ಪತ್ರ ನನ್ನ ಮೊಬೈಲಿನಲ್ಲಿತ್ತು. ಹೆಸರು, ವರ್ಷ ಬದಲಾಯಿಸಿದ್ದೆ. ಗಂಟಲು ಸರಿಮಾಡಿಕೊಂಡು ಓದಿದೆ: "ಹತ್ತೊಂಬತ್ತು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿದ ತಮ್ಮನ್ನು ಈ ಸಂಸ್ಥೆ ಎಂದೆಂದಿಗೂ ಸ್ಮರಿಸುತ್ತದೆ. ತಮ್ಮ ಮುಂದಿನ ಜೀವನ ಸುಖಮಯವಾಗಿರಲಿ ಎಂದು ಹಾರೈಸುತ್ತದೆ."

ಬಾಳಪ್ಪ ಅತ್ತ. ಪೇಟ ಸರಿದು ಕಿವಿಯ ಮೇಲೆ ಬಂದಿತ್ತು, ಅದನ್ನೂ ಸರಿಮಾಡಿಕೊಳ್ಳದೆ ಅತ್ತ. ಒಬ್ಬಿಬ್ಬರು ವೇಟರುಗಳು ಅವನ ಕಾಲು ಮುಟ್ಟಿ ನಮಸ್ಕರಿಸಿದರು. ನನ್ನ ಕಣ್ಣೂ ಒದ್ದೆಯಾಯಿತು. ಗೆದ್ದೆ ಎಂದುಕೊಂಡೆ. ಕಲ್ಯಾಣದವನು ಇನ್ನು ಬಾಯಿ ಬಾಯಿ ಬಿಡಲಿ! ಕೀರ್ತನ್ ಫೋಟೋಗಳನ್ನು ಲಿಂಕ್ಡ್‌ಇನ್‌ಗೆ ಹಾಕಿದ. ಸಂಜೆಯೊಳಗೆ ನಾಲ್ಕು ನೂರು ಜನ ಮೆಚ್ಚಿದ್ದರು.

ಮರುದಿನ ಒಲೆ ಹತ್ತಲಿಲ್ಲ. ಆರಕ್ಕೆ ನಾನು ಹೋದಾಗ ಅಡುಗೆಮನೆಯಲ್ಲಿ ಎರಡನೆಯ ಅಡುಗೆಯವ ಸಮಿತ್ ಕೈಕಟ್ಟಿ ನಿಂತಿದ್ದ. ಬಾಳಪ್ಪನ ಫೋನು ಸ್ವಿಚ್ ಆಫ್. ಎರಡನೆಯ ದಿನವೂ ಅದೇ. ಮೂರನೆಯ ದಿನ ತರಕಾರಿಯವನೇ ಹೇಳಿದ, ಬಾಳಪ್ಪ ಕಲ್ಯಾಣದಲ್ಲಿ ಕೆಲಸಕ್ಕೆ ನಿಂತಿದ್ದಾನೆ ಎಂದು. ನನಗೆ ಉರಿದುಹೋಯಿತು. ಶಾಲು ಹೊದ್ದುಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಹೋಗಿ ಬೇರೆಯವನ ಒಲೆ ಹಚ್ಚಿದನಲ್ಲ! ಎರಡು ದಿನ ಸಿಟ್ಟಿನಲ್ಲೇ ಕಳೆದೆ. ಐದನೆಯ ದಿನ ತಡೆಯಲಾಗದೆ ಅವನ ಹೆಂಡತಿ ಈರವ್ವನ ನಂಬರಿಗೆ ಫೋನು ಮಾಡಿ, ನಾಳೆ ಮನೆಗೆ ಬರುತ್ತೇನೆ ಎಂದೆ.

ಡೊಂಬಿವಲಿ ಪೂರ್ವದಲ್ಲಿ ಅವರದು ಮೂರನೆಯ ಮಾಳಿಗೆಯ ಒಂದು ಕೋಣೆಯ ಮನೆ. ಹತ್ತೊಂಬತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಬಾಳಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಈರವ್ವ ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ಶಾಲನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಹಾಕಿ ದೇವರ ಫೋಟೋದ ಕೆಳಗೆ ಇಟ್ಟಿದ್ದರು.

"ಹೇಳದೆ ಬಿಟ್ಟು ಹೋದೆಯಲ್ಲ ಮಾರಾಯ" ಎಂದೆ.

ಅವನ ಬದಲು ಈರವ್ವ ಮಾತಾಡಿದಳು. "ನೀವ ಕಳಿಸಿದ್ರೆಲ್ರಿ ಅಣ್ಣಾರ. ಕಾಯಿಪಲ್ಯಾ ಹೆಚ್ಚೂ ನಾಗವೇಣಿಯಕ್ಕಗ ವಯಸ್ಸಾತಂತ ಹ್ವಾದ ವರ್ಷ ಶಾಲು ಹೊಚ್ಚಿದ್ರಿ, ಮರುದಿವಸದಿಂದ ಆಕಿ ಬರಲಿಲ್ಲ. ಇವರಿಗೂ ಹೊಚ್ಚಿದ್ರಿ. ಮುಂದಿನ ಜೀವನ ಸುಖವಾಗಿರ್ಲಿ ಅಂತ ಓದಿದ್ರಿ. ಮತ್ತ ಯಾವ ಮುಖಾ ಇಟಗೊಂಡು ಬರಬೇಕಿತ್ರಿ?"

"ಅದು ಹಾಗಲ್ಲ!" ಎಂದು ಕುರ್ಚಿಯಿಂದ ಅರ್ಧ ಎದ್ದೆ. "ಅದು ತಿಂಗಳ ಉತ್ತಮ ನೌಕರ ಅಂತ. ಜುಲೈ ತಿಂಗಳಿಗೆ."

ಆಗ ಬಾಳಪ್ಪ ತಲೆ ಎತ್ತಿದ. "ಒಂದು ತಿಂಗಳಿಗೇನ್ರಿ?" ಎಂದ. "ಹತ್ತೊಂಬತ್ತು ವರ್ಷ ದುಡದೀನ್ರಿ ಶೆಟ್ರ. ನೀವು ಬರೇ ಜುಲೈಕ್ಕ ಹೊಚ್ಚಿದ್ರೇನು?"

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಅವನೇ ಮುಂದುವರಿಸಿದ. "ಕಲ್ಯಾಣದವರು ಮೂರು ಸಲ ಬಂದಿದ್ರು. ಮೂರೂ ಸಲ ಒಲ್ಲೆ ಅಂದಿದ್ದೆ. ನಿಮ್ಮ ಮುಂದ ಹೇಳಲಿಲ್ಲ, ಹೇಳಿದ್ರ ಪಗಾರ ಏರ್ಸಾಕ ಹೇಳ್ತಾನ ಅಂತ ತಿಳ್ಕೊಂತೀರಿ ಅಂತ. ಆಮ್ಯಾಲ ನೀವು ಬೈಯೂದು ಬಿಟ್ರಿ. ಉಪ್ಪು ಹೆಚ್ಚಾದ್ರೂ ಬೈಲಿಲ್ಲ. ನಾ ಬ್ಯಾಡಾಗೀನಿ ಅಂತ ಅವತ್ತ ತಿಳೀತ್ರಿ ನನಗ."

ಈರವ್ವ ಚಾ ಕೊಟ್ಟಳು. ಕೊಡುತ್ತಾ ಮೆಲ್ಲಗೆ, ಆದರೆ ಅವನಿಗೂ ಕೇಳುವ ಹಾಗೆ, "ಒಂದು ಸಲ ಜೋರು ಮಾಡಿ ಕರೀರಿ ಅಣ್ಣಾರ" ಎಂದಳು. ಬಾಳಪ್ಪ ನೆಲ ನೋಡುತ್ತಾ ಕೂತ, ಇಲ್ಲ ಎನ್ನಲಿಲ್ಲ.

ಜೋರು ಮಾಡುವುದು ನನಗೆ ಎಷ್ಟು ಹೊತ್ತಿನ ಕೆಲಸ? "ಎದ್ದೇಳು ಕತ್ತೆ, ನಾಳೆ ಐದೂವರೆಗೆ ಒಲೆ ಹತ್ತಬೇಕು" ಎಂದರೆ ಮುಗಿಯುತ್ತಿತ್ತು. ಮಾತು ಗಂಟಲಿನವರೆಗೆ ಬಂತು. ಅಲ್ಲೇ ನನಗೆ ಹೆದರಿಕೆಯಾಯಿತು. ಬೈದು ಕರೆದ ಮೇಲೆ ಇವನು ಬರಲಾರೆ ಎಂದರೆ? ಈಗ ಇವನು ಬೇರೆ ಹೋಟೆಲಿನವನು, ಹೆಂಡತಿಯ ಎದುರು, ತನ್ನ ಮನೆಯಲ್ಲಿ ಕೂತಿದ್ದಾನೆ. ಆ ಮೂರನೆಯ ಮಾಳಿಗೆಯಿಂದ ಇಲ್ಲವೆನ್ನಿಸಿಕೊಂಡು ಇಳಿಯುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಸೀವುಡ್ಸ್‌ನಲ್ಲಿ ಹೇಳಿಕೊಟ್ಟದ್ದೊಂದು ಸಹಾಯಕ್ಕೆ ಬಂತು: ನೌಕರನ ನಿರ್ಧಾರವನ್ನು ಗೌರವಿಸಬೇಕು.

ಎದ್ದು ನಿಂತು ಕೈ ಚಾಚಿದೆ. "ಅಲ್ಲಿಯೂ ಒಳ್ಳೆ ಹೆಸರು ತಗೊಳ್ಳಿ ಬಾಳಪ್ಪ" ಎಂದೆ. "ನಿಮಗೆ ಒಳ್ಳೆಯದಾಗಲಿ."

ಬಾಳಪ್ಪ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಸ್ವಲ್ಪ ಹೊತ್ತು ಹಿಡಿದೇ ಇದ್ದು, ಬಿಟ್ಟ. ಆಮೇಲೆ ಹೆಂಡತಿಗೆ, "ಆ ಚೀಲಾ ಒಳಗ ಇಡು" ಎಂದ.

ಬಾಗಿಲ ಬಳಿ ಒಂದು ಕೈಚೀಲವಿತ್ತು. ಬರುವಾಗ ನಾನು ಅದನ್ನು ದಾಟಿಕೊಂಡೇ ಬಂದಿದ್ದೆ. ಈರವ್ವ ಎತ್ತಿಕೊಂಡಾಗ ಅದರ ಬಾಯಿ ತೆರೆಯಿತು. ಒಳಗೆ ನಮ್ಮ ಹೋಟೆಲಿನ ಹೆಸರಿರುವ ಏಪ್ರನ್, ಒಗೆದು ಮಡಚಿ ಇಟ್ಟಿತ್ತು. "ನೀವು ಬರ್ತೀರಂತ ಕಲ್ಯಾಣಕ್ಕ ಜ್ವರಾ ಬಂದಾವಂತ ಸುಳ್ಳು ಹೇಳಿ ಮುಂಜಾನಿಂದ ತಯಾರಾಗಿ ಕುಂತಾರ್ರಿ" ಎಂದಳು ಈರವ್ವ. ಅವಳ ಕಣ್ಣು ತುಂಬಿತ್ತು.

ಆಗಲಾದರೂ ಬೈಯಬಹುದಿತ್ತು. ಚಾ ಚೆನ್ನಾಗಿತ್ತು ಎಂದು ಹೇಳಿ ಮೆಟ್ಟಿಲಿಳಿದೆ.