ಹೋಯ್ಟ್ ಬ್ಲೆಡ್ಸೋನ ಹಿಂದೆ ಒಂದು ಕೋಳಿ

ಕೊಕ್ಕಿನ ಸಂದಿಯಲ್ಲಿ ಕೆಂಪು, ಬರೀ ಕೆಂಪು, ಆಮೇಲೆ ಕೆಂಪು ಸರಿದು ಗಾಲಿ, ಅಗ್ನಿಶಾಮಕದ ಲಾರಿ ಇರಬೇಕು, ಅದರ ಹೊಗೆಯೆಲ್ಲ ನನ್ನ ತಲೆಯೊಳಕ್ಕೇ ಬರುತ್ತಿದೆ, ಅಂದರೆ ಕೋಳಿವೇಷದ ತಲೆಯೊಳಕ್ಕೆ, ಇದನ್ನು ಹೊಲಿದವನಿಗೆ ಒಳಗಿರುವವರು ಉಸಿರಾಡುತ್ತಾರೆ ಅನ್ನುವುದು ಮರೆತುಹೋಗಿದೆ — ಅಕ್ಟೋಬರ್ ಬಂದರೂ ಅರ್ಕನ್ಸಾದ ಬಿಸಿಲಿಗೆ ಬುದ್ಧಿ ಬಂದಿಲ್ಲ, ಬೆವರು ಬೆನ್ನಗುಂಟ ಇಳಿದು ಬೂಟಿನೊಳಕ್ಕೆ ಹೋಗುತ್ತಿದೆ, ಬೂಟು ಮಾತ್ರ ನನ್ನದು, ಕೋಳಿಯ ಜೊತೆ ಬಂದ ಬಟ್ಟೆಯ ಪಾದ ನನ್ನ ಕಾಲಿಗೆ ಹಿಡಿಸಲಿಲ್ಲ, ಕಾರ್ಖಾನೆಯ ಬಿಳಿ ರಬ್ಬರ್ ಬೂಟಿಗೇ ಹಳದಿ ಬಳಿದು ಮೆಟ್ಟಿಕೊಂಡು ಬಂದೆ. ಮುಂದೆ ಹೋಯ್ಟ್ ಬ್ಲೆಡ್ಸೋನ ಬೆನ್ನು. ಇಸ್ತ್ರಿ ಮಾಡಿದ ನೀಲಿ ಅಂಗಿ, ಮೊಣಕೈವರೆಗೆ ಮಡಿಸಿದ ತೋಳು, ಕೆಲಸ ಮಾಡುವವನ ಹಾಗೆ. ರಾಜ್ಯದಿಂದ ವಾಷಿಂಗ್ಟನ್ನಿಗೆ ಹೋಗುವ ನಾಲ್ಕು ಸೀಟುಗಳಲ್ಲಿ ಒಂದು ಇವನದು, ಮುಂದಿನ ತಿಂಗಳು ಮತ್ತೆ ಚುನಾವಣೆ, ಎದುರಿಗೆ ನಿಂತವಳು ಹೈಸ್ಕೂಲಿನ ಮೇಡಂ ಮಿಸ್ ಪ್ರೂಯಿಟ್, ಜನರ ಮುಂದೆ ಇಬ್ಬರೂ ನಿಂತು ಮಾತಾಡೋಣ ಬನ್ನಿ ಅಂತ ಅವಳು ಕರೆದಾಗೆಲ್ಲ ಇವನಿಗೆ ಬೇರೆ ಕೆಲಸ, ಹಾಗೆ ತಪ್ಪಿಸಿಕೊಳ್ಳುವವನ ಹಿಂದೆ ಒಂದು ಕೋಳಿ ಬಿಡುವುದು ನಮ್ಮ ಕಡೆಯ ಹಳೇ ಪದ್ಧತಿ, ಹೇಡಿಗೆ ಇಲ್ಲಿ ಕೋಳಿ ಅಂತಲೇ ಬೈಗುಳ. ಯಾರಾದರೂ ವೇಷ ಹಾಕ್ತೀರಾ ಅಂದಳು ಮೇಡಂ, ನಾನು ಹಾಕ್ತೀನಿ ಅಂದೆ, ನಿನ್ನ ಮುಖ ಯಾರಿಗೂ ಕಾಣಲ್ಲ ಟ್ವೈಲಾ, ಹೆಸರೂ ಬರಲ್ಲ ಅಂದಳು, ಬರದಿದ್ದರೆ ಬೇಡ ಅಂದೆ. ಹೇಡಿಯಂತೆ ಕೋಳಿ. ಕಾರ್ಖಾನೆಯಲ್ಲಿ ಕೊಯ್ಯುವ ಮುಂಚೆ ಕೋಳಿ ನೇತುಹಾಕುವ ಕತ್ತಲೆ ಕೋಣೆಯಲ್ಲಿ ಪ್ರಾಯವೆಲ್ಲ ಕಳೆದವಳು ನಾನು, ಮಂದ ನೀಲಿ ದೀಪದಲ್ಲಿ ಕಾಲು ಹಿಡಿದು ತಲೆಕೆಳಗು ಮಾಡಿ ಕೊಕ್ಕೆಗೆ ಸಿಕ್ಕಿಸುವಾಗ ಒಂದು ಕೋಳಿಯೂ ಸುಮ್ಮನೆ ಹೋಗಲಿಲ್ಲ, ಒದ್ದವು, ಪರಚಿದವು, ಮುಖಕ್ಕೆ ಹೇತವು, ಕೊಕ್ಕೆಗೆ ಬಿದ್ದ ಮೇಲೂ ಕತ್ತೆತ್ತಿ ಕುಕ್ಕಿದವು, ಮಣಿಕಟ್ಟಿನ ಗೀರುಗಳು ಈಗಲೂ ಇವೆ, ಬ್ಲೆಡ್ಸೋನನ್ನು ಕೋಳಿ ಅನ್ನುವುದು ಕೋಳಿಗೆ ಅವಮಾನ.

ಬ್ಯಾಂಡಿನವರು ಶುರು ಮಾಡಿದರು, ಶಾಲೆಯ ಹಳಬರೆಲ್ಲ ಊರಿಗೆ ಬರುವ ವಾರದ ಮೆರವಣಿಗೆ, ಸಂಜೆ ಫುಟ್ಬಾಲ್, ಪಿಕಪ್ಪಿನ ಹಿಂದೆ ಕಿರೀಟ ಇಟ್ಟುಕೊಂಡು ಕೂತ ಹುಡುಗಿಯರು, ಅವರ ಹಿಂದೆ ಬ್ಲೆಡ್ಸೋ, ಅವನ ಹಿಂದೆ ನಾನು, ಅವನು ನಿಂತರೆ ನಿಲ್ಲಬೇಕು, ನಡೆದರೆ ನಡೆಯಬೇಕು, ಒಂದೂ ಮಾತಾಡಬಾರದು, ಕೋಳಿ ಮಾತಾಡಿದರೆ ಕೆಲಸ ಕೆಟ್ಟಿತು ಅಂತ ಮೇಡಂ ಹೇಳಿಕೊಟ್ಟಿದ್ದಾಳೆ. ಅವನು ಎಡಗಡೆಗೆ ಮಾತ್ರ ಹೋಗುತ್ತಿದ್ದಾನೆ. ನಾನು ಹೇಳಿರಲಿಲ್ಲವಾ, ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನಿಗೆ ಇದನ್ನೇ ಹೇಳಿದ್ದು. ಎಡಗಡೆ ಬ್ಯಾಂಕು, ಔಷಧಿ ಅಂಗಡಿ, ದೊಡ್ಡ ಚರ್ಚು, ಅಲ್ಲಿ ಕೈ ಕುಲುಕುತ್ತಾನೆ, ಮಗುವಿನ ಕೆನ್ನೆ ತಟ್ಟುತ್ತಾನೆ, ಬೆನ್ನ ಮೇಲೆ ಕೈ ಇಡುತ್ತಾನೆ, ಬಲಗಡೆಗೆ ಬರೀ ಹಲ್ಲು. ಹೋದ ವರ್ಷ ಕ್ಷೇತ್ರಗಳ ನಕ್ಷೆ ಹೊಸದಾಗಿ ಬರೆದರು, ಎಲ್ಲೋ ಕೂತು ಯಾರೋ ಎಳೆದ ಗೆರೆ ನಮ್ಮ ಊರು ಕಾಲ್ಡರ್ಸ್ ಫೆರಿಗೆ ಬಂದಾಗ ಸರಿಯಾಗಿ ಈ ಮೇನ್ ಸ್ಟ್ರೀಟಿನ ಮಧ್ಯೆ, ಈ ಜೋಡಿ ಹಳದಿ ಪಟ್ಟೆಯ ಮೇಲೇ ಮಲಗಿತು, ಎಡಗಡೆಯವರು ಅವನವರಾಗಿಯೇ ಉಳಿದರು, ಬಲಗಡೆಯ ನಾವು, ಟೈರ್ ಅಂಗಡಿ, ಕೂದಲು ಕತ್ತರಿಸುವ ಅಂಗಡಿ, ಕೋಳಿ ಕಾರ್ಖಾನೆಯವರ ಬೀದಿಗಳು, ಎಲ್ಲ ಪಕ್ಕದ ಕ್ಷೇತ್ರಕ್ಕೆ ಹೋದೆವು, ಅಲ್ಲಿ ನಿಂತವನ ಮುಖ ಈ ಊರಲ್ಲಿ ಯಾರೂ ನೋಡಿಲ್ಲ, ಅವನ ಎದುರಿಗೆ ಯಾರೂ ನಿಂತೂ ಇಲ್ಲ. ಅಂದರೆ ನನ್ನ ವೋಟು ಬ್ಲೆಡ್ಸೋಗೂ ಇಲ್ಲ, ಮಿಸ್ ಪ್ರೂಯಿಟ್‌ಗೂ ಇಲ್ಲ. ಆದರೂ ಯಾಕೆ ಈ ಕೋಳಿಯೊಳಗೆ ಬೇಯ್ತಿದೀಯ ಅಂತ ಯಾರಾದರೂ ಕೇಳಲಿ, ಕೇಳಿದರೆ ಹೇಳುತ್ತೇನೆ, ವೋಟು ಕಿತ್ತುಕೊಂಡರು, ಕಾಲು ಕಿತ್ತುಕೊಂಡಿಲ್ಲ.

ಅಮ್ಮ ಟೈರ್ ಅಂಗಡಿಯ ಮುಂದೆ ಕೂತಿರುತ್ತಾಳೆ, ಇನ್ನು ಎರಡು ಅಂಗಡಿ ದಾಟಿದರೆ ಅಮ್ಮ. ಮಡಚುವ ಕುರ್ಚಿಯನ್ನು ರಸ್ತೆಯ ಅಂಚಿಗೇ ಹಾಕಿಸಿಕೊಂಡಿರುತ್ತಾಳೆ, ಚರ್ಚಿಗೆ ತೊಡುವ ನೇರಳೆ ಫ್ರಾಕು, ಜಾಡಿಯಲ್ಲಿ ಸಿಹಿ ಚಹಾ, ಕುಡಿಯುವಂತಿಲ್ಲ, ಕಿಡ್ನಿಯವರಿಗೆ ನೀರೂ ಅಳತೆಯಲ್ಲೇ, ಆದರೂ ತುಟಿಗೆ ಹಚ್ಚಿಕೊಂಡು ಕೂತಿರುತ್ತಾಳೆ. ಎಡತೋಳಿನಲ್ಲಿ ಡಯಾಲಿಸಿಸ್ಸಿಗೆ ಮಾಡಿದ ನರ, ಹಗ್ಗದ ಹಾಗೆ ಉಬ್ಬಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುತ್ತಿಕೊಂಡಿದೆ, ದಿನಾ ಬೆಳಿಗ್ಗೆ ಅದರ ಮೇಲೆ ಎರಡು ಬೆರಳಿಟ್ಟು ನೋಡುತ್ತೇನೆ, ಒಳಗೆ ರಕ್ತ ಜುಂಯ್ ಅನ್ನುತ್ತಿದ್ದರೆ ಸರಿ, ಅನ್ನದಿದ್ದರೆ ಆಸ್ಪತ್ರೆಗೆ ಓಡಬೇಕು, ಇವತ್ತೂ ನೋಡಿದೆ, ಜುಂಯ್ ಅಂದಿತು. ಊರಲ್ಲೇ ಡಯಾಲಿಸಿಸ್ ಇತ್ತು, ಬ್ಲೆಡ್ಸೋನೇ ರಿಬ್ಬನ್ ಕತ್ತರಿಸಿದ್ದ, ಅಮ್ಮನ ಕೈ ಹಿಡಿದು ಮಿಸ್ ಲಿಯೋಟಾ, ಇದು ನಿಮಗಾಗಿ ಅಂದಿದ್ದ, ಮುಚ್ಚುತ್ತಾರಂತಲ್ಲ ಅಂತ ಅಮ್ಮ ಮುಂದಿನ ಚುನಾವಣೆಯಲ್ಲಿ ಕೇಳಿದರೆ ಮತ್ತೆ ಕೈ ಹಿಡಿದು ನಾನಿರೋ ತನಕ ಮುಚ್ಚಲ್ಲ ಅಂದ, ವಸಂತ ಬರುವ ಹೊತ್ತಿಗೆ ಮುಚ್ಚಿತು, ಅವನು ಇದ್ದಾನೆ. ಈಗ ವಾರಕ್ಕೆ ಮೂರು ಸಲ ನದಿ ದಾಟಿ ಒಂದು ಗಂಟೆ ಹೋಗಬೇಕು, ಒಂದು ಗಂಟೆ ಬರಬೇಕು, ಕಾರ್ಖಾನೆಯವರು ಅಷ್ಟು ರಜೆ ಕೊಡಲಿಲ್ಲ, ಬಿಟ್ಟೆ. ಅಮ್ಮನಿಗೆ ಅವನ ಮೇಲೆ ಸಿಟ್ಟಿಲ್ಲ, ಅದೇ ನನಗೆ ಸಿಟ್ಟು. ದೊಡ್ಡವರಿಗೆ ನೂರು ತಾಪತ್ರಯ ಕಣೇ, ಎದುರಿಗೆ ಕೇಳಿದರೆ ಹೇಳ್ತಾನೆ, ಅವನ ಹಿಂದೆ ಕೋಳಿ ಬಿಡೋದು ಮರ್ಯಾದಸ್ಥರ ಕೆಲಸ ಅಲ್ಲ, ಅದರೊಳಗೆ ಯಾರಿದಾರೋ ಅವರಿಗೆ ಹೆತ್ತವರಿಲ್ವಾ ಅಂತ ಬೆಳಿಗ್ಗೆ ನನ್ನ ಮುಂದೆಯೇ ಅಂದಳು, ಇದ್ದಾರಮ್ಮ ಅಂತ ಬಾಯಿಗೆ ಬಂದಿತ್ತು, ನುಂಗಿದೆ. ಅವನು ಈ ಕಡೆ ಬರೋದೇ ಇಲ್ಲಮ್ಮ, ನಾವು ಅವನ ಲೆಕ್ಕದಲ್ಲಿಲ್ಲ ಅಂದೆ. ಕೈ ಎತ್ತಿ ಕರೀತೀನಿ, ಬರ್ತಾನೆ, ನಾಲ್ಕು ಚುನಾವಣೆ ಕೈ ಹಿಡಿದವನು ಒಂದು ರಸ್ತೆ ದಾಟಲ್ವಾ, ಅಂದಳು. ದಾಟದೇ ಇದ್ದರೆ? ಆಗ ನೋಡೋಣ. ಅಷ್ಟೇ ಅಂದು ಟೋಪಿಯ ಪಿನ್ನು ಸರಿಮಾಡಿಕೊಂಡಳು.

ಏಯ್ ಕೋಳೀ, ರಸ್ತೆ ಯಾಕೆ ದಾಟ್ತಿಲ್ಲ, ಟೈರ್ ಅಂಗಡಿಯ ಡೇಲ್, ಇಷ್ಟು ಹೊತ್ತು ಯಾರೂ ಹೇಳಿರಲಿಲ್ಲವಲ್ಲ ಅಂದುಕೊಂಡೆ, ಕೋಳಿ ಕಂಡರೆ, ಅದು ರಸ್ತೆ ಯಾಕೆ ದಾಟಿತು ಅನ್ನುವ ಆ ಹಳಸಲು ಜೋಕನ್ನು ಹೇಳದೆ ಇರುವ ಗಂಡಸು ಈ ದೇಶದಲ್ಲಿ ಹುಟ್ಟಿಲ್ಲ, ಮೊಟ್ಟೆ ಇಟ್ಟು ಹೋಗೇ, ಉಪ್ಪಿನಕಾಯಿಗೆ ಹಾಕ್ತೀನಿ ಅನ್ನುತ್ತಿದ್ದಾನೆ, ಅವನ ಪಕ್ಕದವರು ನಗುತ್ತಿದ್ದಾರೆ, ನಗಲಿ, ರೆಕ್ಕೆ ಬಡಿದು ತೋರಿಸಿದೆ, ಎಡಗಡೆಯಿಂದ ಯಾರೋ ಮಂಜುಗಡ್ಡೆಯ ಲೋಟ ಎಸೆದರು, ಎದೆಗೆ ಬಡಿದು ಒಳಗೆ ತಂಪಾಯಿತು, ಇನ್ನೊಂದು ಎಸೆಯಿರಿ. ಬ್ಲೆಡ್ಸೋನ ಜೊತೆಗಿರುವ ಹುಡುಗಿ, ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡವಳು, ಮೂರನೇ ಸಲ ಹಿಂದಕ್ಕೆ ಬಂದು ಮೇಡಂ ಸ್ವಲ್ಪ ದೂರ ಇರ್ತೀರಾ ಅನ್ನುತ್ತಾಳೆ, ಸರ್ರೋ ಮೇಡಮ್ಮೋ ಗೊತ್ತಿಲ್ಲದೆ ಅಂದಾಜಿನ ಮೇಲೆ ಮೇಡಂ, ನಾನು ಇನ್ನೂ ಹತ್ತಿರ ಹೋದೆ, ಅವನ ಕತ್ತಿನ ಹಿಂದಿನ ಕೂದಲು ಕಾಣುವಷ್ಟು, ಕತ್ತು ಕೆಂಪಾಗಿದೆ, ನೀನೂ ಬೇಯ್ತಿದೀಯ, ಒಳ್ಳೇದು. ಈಗ ಕೊಕ್ಕಿನ ಬಲಸಂದಿಯಲ್ಲಿ ನೇರಳೆ. ಈ ತಲೆಯನ್ನು ಬರೀ ತಲೆಯಾಗಿ ತಿರುಗಿಸಲಿಕ್ಕಾಗದು, ಇಡೀ ಮೈ ತಿರುಗಿಸಬೇಕು, ತಿರುಗಿಸಿದೆ, ಅಮ್ಮ. ಬಲಗೈ ಕುರ್ಚಿಯ ಹಿಡಿಯ ಮೇಲೆ ಊರಿ ಎದ್ದು ನಿಲ್ಲುತ್ತಿದ್ದಾಳೆ, ಬೇಡಮ್ಮ ಕೂತ್ಕೋ, ನಿಂತಳು, ಎಡಗೈ ಎತ್ತಿದಳು, ಆ ನರದ ಕೈ, ಭಾರ ಎತ್ತಬಾರದ ಕೈ. ಹೋಯ್ಟ್, ಹೋಯ್ಟ್ ಬ್ಲೆಡ್ಸೋ, ನಾನು ಲಿಯೋಟಾ.

ಕೇಳಿಸಿತು ಅವನಿಗೆ. ಕೇಳಿಸಲಿಲ್ಲ ಅಂತ ನಾಳೆ ಯಾರೂ ಹೇಳಬೇಡಿ, ಬೆನ್ನು ನಿಂತದ್ದನ್ನು ನಾನು ಕಂಡಿದ್ದೇನೆ, ತಿರುಗಿದ, ನೋಡಿದ, ಗುರುತೂ ಹಿಡಿದ, ಮಿಸ್ ಅನ್ನುವ ಹಾಗೆ ತುಟಿ ಅಲ್ಲಾಡಿತು, ಒಂದು ಕಾಲು ಹಳದಿ ಪಟ್ಟೆಯ ಕಡೆ ಬಂದಿತು ಕೂಡ — ದಾಟು, ಒಂದು ಕ್ಷಣ ನಾನೂ ಬಯಸಿದೆ, ನಾನು ಸೋಲಲಿ, ಅಮ್ಮ ಗೆಲ್ಲಲಿ, ದಾಟು ನನ್ನಪ್ಪ, ಹತ್ತೇ ಹೆಜ್ಜೆ. ವೈರಿನ ಹುಡುಗಿ ಅವನ ತೋಳು ಮುಟ್ಟಿ, ಆ ಕಡೆ ನಮ್ಮದಲ್ಲ ಸರ್, ಎಂದಳು. ಮೆತ್ತಗೆ ಅಂದಳು, ಕೋಳಿಗೆ ಕಿವಿಯಿಲ್ಲ ಅಂದುಕೊಂಡಿರಬೇಕು. ಅವನು ನಕ್ಕ, ಜೇಬಿಗೆ ಕೈ ಹಾಕಿ ಮಕ್ಕಳಿಗೆ ಎಸೆಯುವ ಪೆಪ್ಪರ್ಮಿಂಟ್ ಒಂದನ್ನು ತೆಗೆದು ರಸ್ತೆಯ ಮೇಲಿಂದ ಅಮ್ಮನ ಕಡೆಗೆ ಎಸೆದ, ಚೆಂಡು ಎಸೆದ ಹಾಗೆ, ಕೆಂಪು ಬಿಳಿ ಪಟ್ಟೆಯ ಪೆಪ್ಪರ್ಮಿಂಟ್ ಅಮ್ಮನ ಕಾಲ ಬಳಿ ಬಿದ್ದು ಪುಟಿದು ಚರಂಡಿಯ ಅಂಚಿಗೆ ಹೋಯಿತು, ಅಷ್ಟರಲ್ಲಿ ಅವನು ಎಡಗಡೆಗೆ ತಿರುಗಿ ಇನ್ನೊಬ್ಬರ ಕೈ ಕುಲುಕುತ್ತಿದ್ದ.

ಡೇಲ್ ನಗುತ್ತಿಲ್ಲ. ಬ್ಲೆಡ್ಸೋನ ಹಿಂದೆ ಬಿಡದೆ ಹೋಗಬೇಕಿತ್ತು ನಾನು, ಹೋಗಲಿಲ್ಲ, ಪಟ್ಟೆ ದಾಟಿದೆ, ಯಾರೂ ಜೋಕು ಹೇಳಲಿಲ್ಲ, ಅಮ್ಮನ ಮುಂದೆ ಹೋಗಿ ನಿಂತೆ, ರೆಕ್ಕೆ ಚಾಚಿ ಆ ಕೈಯನ್ನು ಇಳಿಸಬೇಕು, ಕೂರಿಸಬೇಕು, ಸಾಕಮ್ಮ, ನೋಡಿದೆಯಲ್ಲ, ಮನೆಗೆ ಹೋಗೋಣ ಅನ್ನಬೇಕು, ಆದರೆ ಕೋಳಿ ಮಾತಾಡಬಾರದು. ಅಮ್ಮ ನನ್ನ ಮುಖ ನೋಡಲಿಲ್ಲ, ನೋಡಲು ಮುಖವಾದರೂ ಎಲ್ಲಿತ್ತು, ಕೆಳಗೆ ನೋಡಿದಳು, ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಇಷ್ಟು ವರ್ಷ ನಿಂತಿದ್ದ ಬೂಟು, ಹಳದಿಯ ಕೆಳಗೆ ಬಿಳಿ. ಟ್ವೈಲಾ, ಆಚೆ ಸರಿ, ಅಂದಳು, ಅಡ್ಡ ನಿಂತಿದೀಯ, ಅವನಿಗೆ ನಾನು ಕಾಣ್ತಿಲ್ಲ. ಅವನು ಹೋದ ಅಮ್ಮ ಅಂದೆ, ಕೋಳಿ ಮಾತಾಡಿತು, ಮಾತಾಡಲಿ. ಹೋಗಿದ್ದು ಕಂಡಿದೀನಿ, ಕುರುಡಿಯಲ್ಲ, ರಸ್ತೆಯ ತುದಿಯಲ್ಲಿ ತಿರುಗಿಕೊಂಡು ಇದೇ ದಾರಿಯಲ್ಲಿ ವಾಪಸ್ ಬರಬೇಕಲ್ಲ, ಅವನ ಹಿಂದೆ ಹೋಗು ನೀನು, ಬಿಡಬೇಡ.

ಸರಿದೆ. ಹಿಂದೆ ಓಡಿದೆ, ಬೂಟಿನೊಳಗೆ ಬೆವರು ಪಚಪಚ, ಮತ್ತೆ ಅವನ ಬೆನ್ನು, ಕೆಂಪು ಕತ್ತು, ವೈರಿನ ಹುಡುಗಿ, ಬ್ಯಾಂಕು ದಾಟಿತು, ಚರ್ಚು ದಾಟಿತು, ಜನ ಕೋಳೀ ಕೋಳೀ ಅಂದರು, ಅಂದುಕೊಳ್ಳಲಿ, ರಸ್ತೆಯ ತುದಿಯಲ್ಲಿ ಇಡೀ ಮೈ ತಿರುಗಿಸಿ ಹಿಂದೆ ನೋಡಿದೆ, ಕೊಕ್ಕಿನ ಸಂದಿಯಲ್ಲಿ ಡೊಳ್ಳು, ಟೋಪಿಗಳು, ಟ್ರಾಕ್ಟರು, ಟ್ರಾಕ್ಟರ್ ಸರಿಯಿತು, ದೂರದಲ್ಲಿ ಒಂದು ಚುಕ್ಕೆ ನೇರಳೆ, ಅದರ ಮೇಲೆ ಕೈ, ಇಳಿಸಿಲ್ಲ, ಎತ್ತಿದ್ದು ಎತ್ತಿದ ಹಾಗೇ, ಹಗ್ಗದಂಥ ಆ ನರ ಇಲ್ಲಿಗೆ ಕಾಣಲು ಸಾಧ್ಯವಿಲ್ಲ ಆದರೆ ಕಾಣುತ್ತಿದೆ, ಒಳಗೆ ಜುಂಯ್ ಅನ್ನುವುದು ನನ್ನ ಎರಡು ಬೆರಳಿಗೆ ತಾಗುತ್ತಿದೆ, ಕೈ, ಆ ಕೈ