ತಾನಾಗಿ ಏಳುವ ಹೊತ್ತು

ಬಟನ್ ಒತ್ತಿದರೆ ಕಂಪ್ಯೂಟರಿನ ಪೆಟ್ಟಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ರಿಪೇರಿಯವನು ಇನ್ನೊಮ್ಮೆ ಒತ್ತಿದ. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು.

“ಹದಿನೆಂಟು ವರ್ಷದ ಮುದುಕ ಇದು. ಹೊಸದು ತಗೊಂಡ್ಬಿಡಿ ಅಮ್ಮಾ, ನೆಮ್ಮದಿಯಾಗಿರ್ತೀರ.”

“ಹೊಸದು ಬೇಡಪ್ಪ. ಇದೇ ಏಳಬೇಕು,” ಎಂದರು ಬಾಗಿಲ ಬಳಿ ನಿಂತಿದ್ದ ಮನೆಯಾಕೆ. ಮೇಜಿನ ಮುಂದಿನ ಕುರ್ಚಿಗೆ ಅವನು ಕೈ ಹಾಕಿದಾಗ ಮಾತ್ರ ಅವರ ದನಿ ಗಡುಸಾಯಿತು. “ಅದು ಬೇಡ. ಸ್ಟೂಲ್ ತಂದುಕೊಡ್ತೀನಿ.” ಕುರ್ಚಿಯ ಬೆನ್ನ ಮೇಲೆ ಒಗೆದು ಮಡಿಸಿದ ಟವೆಲೊಂದಿತ್ತು. ಸೀಟಿನ ದಿಂಬು ಕೂತು ಕೂತು ತಗ್ಗಾಗಿತ್ತು.

ಎಂಥ ಕಂಪ್ಯೂಟರ್ ಸತ್ತು ಬಿದ್ದಿರಲಿ, ರಿಪೇರಿಯವನ ಮೊದಲ ಕೆಲಸ ಒಂದೇ. ಒಳಗಿರುವ ನಾಣ್ಯದಷ್ಟಗಲದ ಸೆಲ್ಲನ್ನು ಕಿತ್ತು ಐದು ನಿಮಿಷ ಪಕ್ಕಕ್ಕಿಡುವುದು. ಆಗ ಪೆಟ್ಟಿಗೆ ತನಗೆ ಹೇಳಿಟ್ಟಿದ್ದನ್ನೆಲ್ಲ ಮರೆತು ಹೊಸದಾಗಿ ಏಳುತ್ತದೆ. ಕೆಲಸ ಕಲಿಸಿದವರು ಹಾಗೆ ಮಾಡುತ್ತಿದ್ದರು, ಇವನೂ ಮಾಡುತ್ತಿದ್ದ. ಯಾಕೆ ಏನು ಎಂದು ತಲೆ ಕೆಡಿಸಿಕೊಂಡವನೇ ಅಲ್ಲ. ಇವತ್ತೂ ಕಿತ್ತ. ಅಸಲು ರೋಗವೇ ಬೇರೆ ಇತ್ತು ಅನ್ನಿ. ಮೆಮೊರಿಯ ಪಟ್ಟಿಗೆ ಕಿಲುಬು ಹಿಡಿದಿತ್ತು. ಶಾಲೆಮಕ್ಕಳ ರಬ್ಬರಿನಿಂದ ಅದನ್ನು ಚೆನ್ನಾಗಿ ತಿಕ್ಕಿ, ಮತ್ತೆ ಕೂರಿಸಿ, ಸೆಲ್ಲನ್ನೂ ಸಿಕ್ಕಿಸಿ ಬಟನ್ ಒತ್ತಿದ್ದೇ ತಡ, ಪರದೆ ಬೆಳಗಿತು.

“ನೋಡಿ, ಎದ್ದೇಬಿಟ್ಟ!” ಎಂದು ಹೆಮ್ಮೆಯಿಂದ ತಿರುಗಿದ. ಆಕೆಯ ಮುಖ ಅರಳಲಿಲ್ಲ.

“ನೀನು ಒತ್ತಿದೆ, ಎದ್ದಿತು. ಅದು ತಾನಾಗಿ ಏಳಬೇಕಪ್ಪ.”

“ತಾನಾಗಿ?”

“ನಮ್ಮನೆಯವರು ಪುಸ್ತಕಗಳ ಕರಡು ತಿದ್ದೋರು. ಊಟ ಆದ್ಮೇಲೆ ಒಂದು ನಿದ್ದೆ. ಈ ಪುಣ್ಯಾತ್ಮ ಶುರುವಾಗೋಕೆ ಹತ್ತು ನಿಮಿಷ ತಗೊಳ್ತಿತ್ತಲ್ಲ, ತಾವು ಎದ್ದು ಮುಖ ತೊಳ್ಕೊಂಡು ಬರೋಷ್ಟರಲ್ಲಿ ಸಿದ್ಧವಾಗಿರಲಿ ಅಂತ ಒಳಗೆ ಏನೋ ಮಾಡಿಟ್ಟಿದ್ರು. ಅವರು ಹೋಗಿ ಏಳು ತಿಂಗಳಾಯ್ತು. ಇದು ಮಾತ್ರ ದಿನಾ ಮಧ್ಯಾಹ್ನ ತನ್ನಷ್ಟಕ್ಕೆ ತಾನು ಏಳ್ತಿತ್ತು. ಸೋಮವಾರದಿಂದ ನಿಂತುಹೋಗಿದೆ.” ಆಕೆ ಸೆರಗಿನ ತುದಿ ಹಿಡಿದುಕೊಂಡರು. “ದೆವ್ವ ಗಿವ್ವ ಅಂತ ನಾನೇನೂ ಹೇಳ್ತಿಲ್ಲ. ಮೂವತ್ತು ವರ್ಷ ಲೆಕ್ಕದ ಪಾಠ ಮಾಡಿದೋಳು ನಾನು. ಅವರು ಮಾಡಿಟ್ಟ ಕೆಲಸ ಇದೊಂದಾದ್ರೂ ನಡೀತಿದೆಯಲ್ಲ ಅಂತ, ಅಷ್ಟೇ.”

ರಿಪೇರಿಯವನ ಕಣ್ಣು ಸೆಲ್ಲಿನ ಮೇಲೆ ಹೋಯಿತು. ಆ ಯಜಮಾನರು ಇಟ್ಟುಹೋದ ಹೊತ್ತನ್ನು ಇಷ್ಟು ದಿನ ಕಾಯ್ದುಕೊಂಡಿದ್ದದ್ದು ಅದೇ ಸೆಲ್ಲು. ಬಂದ ಐದು ನಿಮಿಷದಲ್ಲಿ ತನ್ನ ಕೈಯಾರೆ ಅಳಿಸಿ ಹಾಕಿದ್ದ. ಸೆಟ್ಟಿಂಗಿನ ಪುಟ ತೆಗೆದು ನೋಡಿದರೆ ಅಲ್ಲಿ ಬರೀ ಸೊನ್ನೆಗಳು. ಆಕೆಗೆ ಹೇಳಿಬಿಡೋಣವೆಂದು ಬಾಯಿ ತೆರೆದ. ಆ ಟವೆಲು ಕಣ್ಣಿಗೆ ಬಿತ್ತು.

“ಯಜಮಾನ್ರು ಎಷ್ಟೊತ್ತಿಗೆ ಏಳ್ತಿದ್ರು ಅಮ್ಮಾ?” ಸುಮ್ಮನೆ ಮಾತಿಗೆಂಬಂತೆ ಕೇಳಿದ.

“ನಾಲ್ಕರ ಮೇಲೆ. ಗಡಿಯಾರ ಯಾರು ನೋಡ್ತಿದ್ರು? ಇದರ ಸದ್ದು ಕೇಳಿದ್ರೆ ಟೀಗೆ ಇಡ್ತಿದ್ದೆ.”

ಅಂದಾಜಿನ ಮೇಲೆ ನಾಲ್ಕೂ ಕಾಲು ಎಂದು ಇಟ್ಟ. ಒಳಗಿನ ಗಡಿಯಾರವನ್ನು ತನ್ನ ಫೋನಿನ ಗಡಿಯಾರಕ್ಕೆ ಒಂದಲ್ಲ ಎರಡು ಸಲ ತಾಳೆ ನೋಡಿದ. ಪೆಟ್ಟಿಗೆ ಆರಿಸಿ ಎದ್ದು ನಿಂತ.

“ಸರಿಹೋಯ್ತು. ಅವರು ಇಟ್ಟಿದ್ದು ಹಾಗೇ ಇದೆ.”

“ಏಳೋವರೆಗೂ ಇರು,” ಎಂದರು ಆಕೆ.

ಹೇಗೆ ಹೋದಾನು? ಬ್ಯಾಗು ಹೆಗಲಿಗೇರಿಸಿ ಮೇಜಿಗೂ ಬಾಗಿಲಿಗೂ ನಡುವೆ ನಿಂತುಕೊಂಡ. ಏಳು ತಿಂಗಳು ಆ ಸದ್ದಿಗೆ ಕಿವಿಗೊಟ್ಟವರು ಇವರು. ಹೊತ್ತು ತಪ್ಪಿದರೆ ಗೊತ್ತಾಗದೆ ಇರುತ್ತದೆಯೇ? ಹೊರಗೆ ಬೀದಿಯ ಗಲಾಟೆ ನಿಂತಿತ್ತು. ನಾಲ್ಕು ಕಳೆಯಿತು. ಎದುರಿಗೆ ಕತ್ತಲಾದ ಪರದೆಯಲ್ಲಿ ಕಿಟಕಿ ಕಾಣುತ್ತಿತ್ತು, ಕುರ್ಚಿಯ ಬೆನ್ನು ಕಾಣುತ್ತಿತ್ತು.

ಪೆಟ್ಟಿಗೆಯೊಳಗೆ ಟಿಕ್ಕೆಂದಿತು. ಫ್ಯಾನು ತಿರುಗಿತು, ಈ ಸಲ ಪೂರ್ತಿ ಸುತ್ತು.

ಫೋನು ನೋಡಿದ. ನಾಲ್ಕೂ ಏಳು. ಕೈಗಡಿಯಾರ ನೋಡಿದ. ಅದೂ ನಾಲ್ಕೂ ಏಳು. ಅವನು ಇಟ್ಟಿದ್ದು ನಾಲ್ಕೂ ಕಾಲಿಗೆ.

“ಹ್ಞಾ! ಇದೇ, ಇದೇ ಹೊತ್ತು,” ಎಂದರು ಆಕೆ. ಈಗ ಮುಖ ಅರಳಿತ್ತು. ಒಳಬಂದು ಕುರ್ಚಿಯನ್ನು ಹಿಂದಕ್ಕೆಳೆದರು, ಒಬ್ಬರು ಬಂದು ಕೂರಲು ಬೇಕಾಗುವಷ್ಟು. ಟವೆಲಿನ ಮಡಿಕೆ ಸರಿಮಾಡಿದರು. ಆಮೇಲೆ ಅವನತ್ತ ತಿರುಗಿ, ತೀರಾ ಮೆಲ್ಲಗೆ ಹೇಳಿದರು:

“ಸ್ವಲ್ಪ ಸರ್ಕೋ ತಮ್ಮಾ. ದಾರಿಗೆ ಅಡ್ಡ ನಿಂತಿದ್ದೀಯ.”

ರಿಪೇರಿಯವನು ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟ.